ಚನ್ನವೀರಪ್ಪನ ಬಲಗೈ

ಅವತ್ತು ಮಧ್ಯಾಹ್ನ ಚನ್ನವೀರಪ್ಪನ ನಡುಮನೆಯಲ್ಲಿ ನಾವು ಹದಿನಾಲ್ಕು ಜನ ಕೂತಿದ್ವಿ. ಮಧ್ಯದಲ್ಲಿ ಒಂದು ಹಿತ್ತಾಳೆ ಲೋಟ, ಅದರ ತುಂಬ ನೀರು. ಚಾಪೆ ಮೇಲೆ ಮಲಗಿದ್ದ ಚನ್ನವೀರಪ್ಪ ಬೆಳಗಿನಿಂದ ಆ ಲೋಟದ ಕಡೆಗೇ ನೋಡ್ತಾ "ನೀರು, ನೀರು" ಅಂತಿದ್ದ. ಒಬ್ಬರೂ ಕೊಡಲಿಲ್ಲ. ಎಂಥ ಕಲ್ಲೆದೆಯವರಪ್ಪ ಇವರು ಅಂದುಕೊಳ್ಳಬೇಡಿ. ನಮ್ಮಲ್ಲಿ ಅರ್ಧ ಜನರಿಗೆ ಕಣ್ಣಲ್ಲಿ ನೀರು ಬರ್ತಿತ್ತು, ಆದರೂ ಕೈ ಮುಂದೆ ಹೋಗಲಿಲ್ಲ.

ನಮ್ಮೂರಲ್ಲಿ ಸಾಯುವವರ ಬಾಯಿಗೆ ಕಡೆಯ ಗುಟುಕು ನೀರು ಯಾರು ಹಾಕುತ್ತಾರೋ ಅವರಿಗೆ ಸತ್ತವರ ಬಲಗೈ ಬರುತ್ತೆ. ಕೈಯಲ್ಲಿದ್ದ ಕಸುಬೂ ಬರುತ್ತೆ, ಕೈಗಂಟಿದ್ದ ಚಾಳಿಯೂ ಬರುತ್ತೆ. ಬೇಕಾದ್ದು ಇಟ್ಟುಕೊಂಡು ಬೇಡದ್ದು ಬಿಡೋ ಹಾಗಿಲ್ಲ. ನನ್ನನ್ನೇ ನೋಡಿ. ನಾನು ಸಾಕಮ್ಮ, ಅವರ ಪಕ್ಕದ ಮನೆಯವಳು. ನನ್ನ ಬಲಗೈ ನಮ್ಮ ಚಿಕ್ಕಮ್ಮನದು. ಮುತ್ತುಗದ ಎಲೆ ಹಚ್ಚೋಕೆ ಕೂತರೆ ಹೊತ್ತು ಮುಳುಗೋದರೊಳಗೆ ಮುನ್ನೂರು ಊಟದೆಲೆ ಮುಗಿಸ್ತೀನಿ. ಆದರೆ ಚಿಕ್ಕಮ್ಮನಿಗೆ ಕಂಡವರ ಮನೆ ಚಮಚ, ಸೌಟು ಸೊಂಟಕ್ಕೆ ಸಿಕ್ಕಿಸಿಕೊಂಡು ಬರೋ ಚಾಳಿ ಇತ್ತು. ಅದೂ ಬಂತು. ನಾನು ಹೋಗಿಬಂದ ಮನೆಯವರು ಮಾರನೆ ದಿನ ಬಂದು, "ಸಾಕಮ್ಮ, ನಮ್ಮನೆ ಚಮಚ ನಿಮ್ಮ ಕೈಗೆ ಸಿಕ್ಕಿತ್ತಾ?" ಅಂತ ಕೇಳ್ತಾರೆ. ಹುಡುಕಿ ಕೊಡ್ತೀನಿ. ಅವರೂ ಬೈಯಲ್ಲ, ನನಗೂ ನಾಚಿಕೆ ಇಲ್ಲ. ಕೈ ನನ್ನದಲ್ಲವಲ್ಲ!

ಹಾಗಾಗಿ ನೀರು ಕೊಡೋಕೆ ಹೆದರಿಕೆ. ಯಾವ ಗುಟುಕು ಕಡೆಯದಾಗುತ್ತೋ ಯಾರಿಗೆ ಗೊತ್ತು? ಅಯ್ಯೋ ಪಾಪ ಅಂತ ಒಂದು ಗುಟುಕು ಹಾಕಿದವರಿಗೇ ಕೈ ಬಂದುಬಿಟ್ಟರೆ? ಒದ್ದೆ ಬಟ್ಟೆಯಲ್ಲಿ ತುಟಿಯಾದರೂ ಒರೆಸೋಣ ಅಂತ ನಾನು ಎದ್ದೆ. ಓಬಜ್ಜ ಗದರಿಸಿ ಕೂರಿಸಿದ. ಓಬಜ್ಜ ನಮ್ಮೂರ ಅಂಗೈಯಮ್ಮನ ಪೂಜಾರಿ. ಆ ದೇವಿಗೆ ಮುಖವಿಲ್ಲ, ಕರಿಕಲ್ಲಲ್ಲಿ ಐದು ಬೆರಳು ಮೂಡಿವೆ, ಅಷ್ಟೆ. "ಒದ್ದೆ ಬಟ್ಟೇನೂ ನೀರೇ. ಮಗಳು ಬರೋವರೆಗೂ ಯಾರೂ ಮುಟ್ಟಬೇಡಿ" ಅಂದ.

ಚನ್ನವೀರಪ್ಪನ ಕೈ ಅಂದರೆ ಸುಮ್ಮನೆ ಮಾತಲ್ಲ. ಸುತ್ತಮುತ್ತ ಎಲ್ಲೂ ಮೂಳೆ ಕಟ್ಟುವವರು ಇರಲಿಲ್ಲ, ಅವನೊಬ್ಬನೇ. ಮುರಿದ ಜಾಗವನ್ನು ಕಣ್ಣು ಮುಚ್ಚಿಕೊಂಡು ಸವರೋನು. ಒಂದು ಸಲ ಎಳೆದರೆ ಮೂಳೆ ತನ್ನ ಜಾಗಕ್ಕೆ ಹೋಗಿ ಕೂತ್ಕೊಳ್ಳೋದು. ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು ಕಲಸಿ ಬಳಿದು, ಬಿದಿರು ದಬ್ಬೆ ಇಟ್ಟು ಬಟ್ಟೆ ಸುತ್ತಿದರೆ ತಿಂಗಳೊಳಗೆ ಆಸಾಮಿ ಎದ್ದು ಓಡಾಡಬೇಕು. ಅದೇ ಕೈ ಮನೆಯೊಳಗೆ ಹೊಡೀತಿತ್ತು. ಸಾರಿಗೆ ಉಪ್ಪು ಜಾಸ್ತಿಯಾದರೆ ಹೊಡೀತಿತ್ತು, ಬಾಗಿಲು ಜೋರಾಗಿ ಹಾಕಿದರೆ ಹೊಡೀತಿತ್ತು, ಏನೂ ಆಗದೇ ಇದ್ದರೂ ಹೊಡೀತಿತ್ತು. ಹೊಡೆದಾದ ಮೇಲೆ ಕೂತು ಅಳೋನು. "ನಾನಲ್ಲ ಕಣೇ. ಇದು ಅಪ್ಪನ ಕೈ. ನನ್ನ ಮಾತು ಕೇಳಲ್ಲ" ಅನ್ನೋನು.

ಊರೂ ಅದನ್ನೇ ನಂಬಿತ್ತು. ಅವನ ಅಪ್ಪ ದೊಡ್ಡವೀರಪ್ಪನೂ ಮೂಳೆ ಕಟ್ಟುತ್ತಿದ್ದ, ಅವನೂ ಹೆಂಡತಿ ಮಕ್ಕಳಿಗೆ ಹೊಡೀತಿದ್ದ. ಸಾಯುವಾಗ ಮಗನೇ ನೀರು ಹಾಕಿದ್ದು, ಇನ್ನೇನು ಬೇಕು? ಒಂದು ಯುಗಾದಿ ಬೆಳಿಗ್ಗೆ ಚನ್ನವೀರಪ್ಪನ ಹೆಂಡತಿ ಹಾಲಮ್ಮನ (ನನಗೆ ಹಾಲಕ್ಕ) ಮಣಿಕಟ್ಟು ಮುರಿಯಿತು. ಮುರಿದವನೇ ಕೂತು ಕಟ್ಟಿದ. ಇಪ್ಪತ್ತೆಂಟನೇ ದಿನ ದಬ್ಬೆ ಬಿಚ್ಚಿದರೆ ಒಂದು ಕೂದಲೆಳೆಯಷ್ಟು ಸೊಟ್ಟ ಇಲ್ಲ. ಊರ ಹೆಂಗಸರೆಲ್ಲ ಹೋಗಿ ಆ ಮಣಿಕಟ್ಟು ನೋಡಿಕೊಂಡು ಬಂದ್ವಿ. "ಏನು ಕೈಗುಣ ಅಂತೀನಿ!" ಅಂದ್ವಿ. ನಾನೂ ಅಂದೆ. ಹಾಲಕ್ಕ ಕೂಗಿದ್ದನ್ನು ಗೋಡೆ ಈಚೆಯಿಂದ ಕೇಳಿಸಿಕೊಂಡವಳು ನಾನು, ಆದರೂ ಅಂದೆ.

ಅವರಿಗೆ ಒಬ್ಬಳೇ ಮಗಳು, ಅನಸೂಯ. ಅವಳು ಆಮೇಲೆ ನನ್ನ ಹತ್ತಿರ ಎಲ್ಲ ಹೇಳಿಕೊಂಡಳು, ಅದಕ್ಕೇ ಅವಳ ಮನಸ್ಸಿನ ಮಾತು ನನಗೆ ಗೊತ್ತು. ಚಿಕ್ಕವಳಿದ್ದಾಗ ಅಮಾವಾಸ್ಯೆಗೊಂದು ಸಲ ತಾತನ ಸಮಾಧಿಗೆ ಹೋಗಿ ಅದರ ಮೇಲೆ ಸಗಣಿ ಎಸೆದು ಬರ್ತಿದ್ದಳಂತೆ. ಅಲ್ಲಿಂದ ಸೀದಾ ಅಂಗೈಯಮ್ಮನ ಗುಡಿಗೆ ಹೋಗಿ, "ತಾತನ ಕೈ ವಾಪಸ್ ತಗೊಂಡು ನಮ್ಮಪ್ಪನ್ನ ನಮಗೆ ಕೊಡು ತಾಯಿ" ಅಂತ ಸುತ್ತು ಹಾಕ್ತಿದ್ದಳಂತೆ. ಅಪ್ಪನ ಮೇಲೆ ಅವಳಿಗೆ ಸಿಟ್ಟೇ ಇರಲಿಲ್ಲ. ಹೊಡೆಸಿಕೊಂಡ ಮೇಲೂ ಅಳುವ ಅಪ್ಪನ ಪಕ್ಕ ಹೋಗಿ ಕೂತು ಅವನ ಬೆನ್ನು ಸವರ್ತಿದ್ದಳು. ಮದುವೆಯಾಗಿ ಕೆಳಗಿನ ಕೇರಿಗೆ ಹೋದಳು, ಮಗಳು ರತ್ನಿ ಹುಟ್ಟಿದಳು. ರತ್ನಿಗೆ ವರ್ಷ ತುಂಬಿತ್ತು, ಹಲ್ಲು ಬರ್ತಿತ್ತೇನೋ, ಒಂದೇ ಸಮನೆ ಅಳ್ತಿತ್ತು. ಚನ್ನವೀರಪ್ಪನ ಕೈ ಆ ಮಗುವಿನ ಕೆನ್ನೆಗೆ ಬಿತ್ತು. ಅನಸೂಯ ಮಗು ಎತ್ತಿಕೊಂಡು ಹೊಸಲು ದಾಟಿದಳು. ಆರು ವರ್ಷ ಈ ಕಡೆ ತಲೆ ಹಾಕಲಿಲ್ಲ.

ಅವತ್ತು ಮಧ್ಯಾಹ್ನ ಬಂದಳು. ಏಳು ವರ್ಷದ ರತ್ನಿಯ ಕೈ ಹಿಡಿದುಕೊಂಡು ಬಂದು ಬಾಗಿಲಲ್ಲೇ ನಿಂತಳು. ಜಗಲಿ ಮೇಲೆ ಮೈಲಾರಿ ಬಿದ್ದು ಒದ್ದಾಡ್ತಿದ್ದ. ಹುಣಸೆಹಣ್ಣು ಬಡಿಯೋಕೆ ಮರ ಹತ್ತಿದವನು ಬೆಳಿಗ್ಗೆ ಮೇಲಿಂದ ಬಿದ್ದಿದ್ದ. ಬಲಗಾಲಿನ ಪಾದ ಹಿಂದಕ್ಕೆ ತಿರುಗಿಬಿಟ್ಟಿತ್ತು, ನೋಡೋಕೆ ಆಗ್ತಿರಲಿಲ್ಲ. ಅವನ ಹೆಂಡತಿ ಅನಸೂಯಳನ್ನು ಕಂಡಿದ್ದೇ ಎರಡೂ ಕಾಲು ಹಿಡಿದುಕೊಂಡಳು. "ಬೇಗ ನೀರು ಹಾಕ್ರವ್ವಾ, ನಿಮ್ಮ ಕೈಯಿಂದ ನನ್ನ ಗಂಡನ ಕಾಲು ಸರಿ ಮಾಡ್ರವ್ವಾ!"

"ನಾನು ಹಾಕಲ್ಲ" ಅಂದಳು ಅನಸೂಯ. ಕಾಲು ಬಿಡಿಸಿಕೊಂಡಳು.

ಓಬಜ್ಜ ಎದ್ದುಬಂದ. "ಏನಮ್ಮಾ ಹಂಗಂದ್ರೆ? ನೀನು ಬಿಟ್ಟರೆ ಇನ್ಯಾರು? ಈ ಕೈ ಇವತ್ತು ಮಣ್ಣಿಗೆ ಹೋದ್ರೆ ನಾಳೆ ಊರಲ್ಲಿ ಬಿದ್ದವರೆಲ್ಲ ಕುಂಟರಾಗೇ ಇರಬೇಕಾಗುತ್ತೆ. ಅಂಗೈಯಮ್ಮ ಮೆಚ್ಚುತ್ತಾಳಾ?"

"ಆ ಕೈ ಇನ್ನೇನೇನು ಮಾಡುತ್ತೆ ಅಂತ ನಿಮಗೆ ಗೊತ್ತಿಲ್ವಾ ಓಬಜ್ಜ?"

"ಗೊತ್ತು ಬಿಡವ್ವ. ಕೈ ಅಂದಮೇಲೆ ಎರಡೂ ಇರುತ್ತೆ. ಊರಿಗೆ ಒಳ್ಳೇದಾಗುತ್ತಲ್ಲ."

"ಊರಿಗೆ ಒಳ್ಳೇದು ಮಾಡಿ ಮನೆಗೆ ಬಂದು ನಾನು ಇವಳಿಗೆ ಹೊಡೀಬೇಕಾ?" ಅಂದಳು. ರತ್ನಿ ಅವ್ವನ ಮುಖ ನೋಡ್ತಾ ನಿಂತಿದ್ದಳು.

ಒಳಗಿಂದ ಮತ್ತೆ "ನೀರು" ಅಂತ ಕೇಳಿಸಿತು. ಈ ಸಲ ದನಿಯೂ ಸರಿಯಾಗಿ ಬರಲಿಲ್ಲ, ಒಣಗಿದ ನಾಲಿಗೆ ಅಂಗುಳಕ್ಕೆ ಅಂಟಿ ಬಿಡೋ ಸದ್ದು, ಅಷ್ಟೆ. ಅನಸೂಯ ಕಣ್ಣು ಮುಚ್ಚಿಕೊಂಡಳು. ಬೆಳಗಿನಿಂದ ಒಂದು ಗುಟುಕು ಕೊಟ್ಟಿಲ್ಲ ಅಂತ ಅವಳಿಗೆ ಆಗ ಗೊತ್ತಾಗಿದ್ದು. ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ಆ ನೋಟ ಎದುರಿಸೋಕಾಗದೆ ನಾನು ನೆಲ ನೋಡಿದೆ. ಅವಳು ಸೀದಾ ನನ್ನ ಹತ್ತಿರ ಬಂದು ರತ್ನಿಯ ಕೈಯನ್ನು ನನ್ನ ಕೈಯಲ್ಲಿಟ್ಟಳು.

"ಸಾಕತ್ತೆ, ಮಾತು ಕೊಡಿ. ನಾನು ಯಾವತ್ತಾದ್ರೂ ಇವಳ ಮೇಲೆ ಕೈ ಎತ್ತಿದ್ರೆ ಇವಳನ್ನ ನಿಮ್ಮನೆಗೆ ಕರ್ಕೊಂಡು ಹೋಗಿಬಿಡಿ. ಮತ್ತೆ ನನಗೆ ಕೊಡಬೇಡಿ. ನಾನು ಬಂದು ಅತ್ತು ಕರೆದ್ರೂ ಕೊಡಬೇಡಿ. ಅಪ್ಪನ ಕೈ ಅಂತ ಹೇಳಿದ್ರೂ ಕೊಡಬೇಡಿ."

"ಬಿಡ್ತು ಅನ್ನೇ!" ಅಂದೆ. ಅವಳು ಕೈ ಬಿಡಲಿಲ್ಲ. ಕಡೆಗೆ "ಆಯ್ತು" ಅಂದೆ. ಮಗುವನ್ನು ಹಿತ್ತಲಿಗೆ ಕಳಿಸಿದ್ವಿ. ಉಳಿದವರನ್ನೆಲ್ಲ ಅನಸೂಯ ಜಗಲಿಗೆ ಕಳಿಸಿದಳು. ತಲೆ ಎತ್ತಿ ಹಿಡಿಯೋಕೆ ಒಬ್ಬರು ಬೇಕಲ್ಲ, ಹಾಗಾಗಿ ನಾನು ಒಳಗೇ ಉಳಿದೆ. ಹಾಲಕ್ಕ ಗಂಡನ ಕಾಲ ಹತ್ತಿರ ಕೂತು ಪಾದ ಒತ್ತುತ್ತಿದ್ದಳು. ಹೆಂಡತಿ ನೀರು ಹಾಕೋ ಪದ್ಧತಿ ನಮ್ಮಲ್ಲಿಲ್ಲ, ಹಾಗಾಗಿ ಅವಳನ್ನು ಯಾರೂ ಏನೂ ಕೇಳಿರಲಿಲ್ಲ.

ಅನಸೂಯ ಲೋಟ ಎತ್ತಿಕೊಂಡು ಅಪ್ಪನ ತುಟಿಗೆ ತಂದಳು. ನೀರು ಅವನ ಗದ್ದಕ್ಕೆ ತುಳುಕಿತು. ಬೆಳಗಿನಿಂದ ನೀರಿಗೆ ಬಾಯಿ ಬಿಡ್ತಿದ್ದ ಮನುಷ್ಯ ಈಗ ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡುಬಿಟ್ಟ. ಆಗಿಹೋಯ್ತು ಅಂದುಕೊಂಡೆ ನಾನು.

"ಮೊದಲು ಕೇಳು" ಅಂದ ಚನ್ನವೀರಪ್ಪ. "ಸುಳ್ಳು ಗಂಟಲಲ್ಲಿಟ್ಕೊಂಡು ನೀರು ಕುಡಿದ್ರೆ ಒಳಗೆ ಇಳಿಯಲ್ಲ."

"ಏನಪ್ಪಾ?"

"ನಾನು ಹೋಗೋ ಹೊತ್ತಿಗೆ ಅಪ್ಪ ತಣ್ಣಗಾಗಿದ್ದ. ಕೋಣೇಲಿ ನಾನೊಬ್ಬನೇ ಇದ್ದೆ. ನೀರು ಹಾಕಿದೆ. ಒಳಗೆ ಹೋಗಲಿಲ್ಲ. ಕಟವಾಯಲ್ಲಿ ಹರಿದು ದಿಂಬೆಲ್ಲ ಒದ್ದೆಯಾಯ್ತು." ಉಸಿರು ಎಳೆದುಕೊಂಡ. "ಹೊರಗೆ ಬಂದೆ. ಜನ ಎಲ್ಲ ನನ್ನ ಕೈ ಹಿಡ್ಕೊಂಡು ಕಣ್ಣಿಗೊತ್ತಿಕೊಂಡ್ರು. ಕೈ ಬರಲಿಲ್ಲ ಅನ್ನೋಕೆ ನನಗೆ ಬಾಯೇ ಬರಲಿಲ್ಲ."

ಅನಸೂಯ ಲೋಟ ಹಿಂದಕ್ಕೆ ತಗೊಂಡಳು. "ಹಂಗಾದ್ರೆ ಮೂಳೆ ಕಟ್ಟಿದ್ದು?"

"ಕಲಿತೆ. ಕೇರಿ ಕೋಳಿ ಹಿಡ್ಕೊಂಡು ಹೊಳೆ ಆಚೆ ಹೋಗಿ. ಕೋಳಿ ಕಾಲು ಮುರಿಯೋದು, ಕಟ್ಟೋದು. ಮುರಿಯೋದು, ಕಟ್ಟೋದು."

ಅಯ್ಯೋ ನನ್ನ ಶಿವನೇ! ದೊಡ್ಡವೀರಪ್ಪ ಸತ್ತ ವರ್ಷ ನಮ್ಮ ಕೇರಿಯ ಕೋಳಿಗಳೆಲ್ಲ ಕುಂಟ್ತಾ ಮನೆಗೆ ಬರ್ತಿದ್ವು. ನಾವು ಮುಂಗುಸಿ ಕಾಟ ಅಂತ ಬೋನು ಇಟ್ಟಿದ್ವಿ.

"ಮತ್ತೆ ಹೊಡೀತಿದ್ದಿದ್ದು?" ಅಂತ ಕೇಳಿದಳು ಅನಸೂಯ. ಅವಳ ದನಿ ಎಷ್ಟು ಸಣ್ಣದಾಗಿತ್ತು ಅಂದರೆ ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ.

ಚನ್ನವೀರಪ್ಪ ಕಣ್ಣು ಮುಚ್ಚಿಕೊಂಡ. "ಅದನ್ನ ಕಲೀಬೇಕಾಗಿರಲಿಲ್ಲ. ಚಿಕ್ಕಂದಿನಿಂದ ನೋಡಿದ್ದೆನಲ್ಲ. ಸಿಟ್ಟು ಬರೋದು, ಹೊಡೆಯೋನು. ಅಪ್ಪನ ಕೈ ಅಂದ್ರೆ ಎಲ್ರೂ ಸುಮ್ಮನಾಗೋರು. ನೀನೂ ಬಂದು ಬೆನ್ನು ಸವರ್ತಿದ್ದೆ."

ಅನಸೂಯ ಲೋಟ ಹಿಡಿದುಕೊಂಡೇ ಎದ್ದು ನಿಂತಳು. ಅದನ್ನು ಅವನ ಮುಖಕ್ಕೆ ಎಸೀತಾಳೆ ಅಂತಲೇ ನಾನು ತಿಳಿದೆ. "ಸತ್ತವನ ಸಮಾಧಿ ಮೇಲೆ ಸಗಣಿ ಎಸೆದೆನಲ್ಲಪ್ಪಾ ನಾನು! ಅಮಾವಾಸ್ಯೆ ಅಮಾವಾಸ್ಯೆಗೂ ಹೋಗಿ ಎಸೆದು ಬಂದೆನಲ್ಲ! ದೇವರ ಹತ್ತಿರ ನಿನ್ನನ್ನ ವಾಪಸ್ ಕೊಡು ಅಂತ ಬೇಡಿಕೊಂಡೆ. ನೀನು ಇಲ್ಲೇ ಇದ್ದೆಯಲ್ಲ! ಹೊಡೀತಿದ್ದವನೇ ನೀನು!" ಅವಳು ಬಿಕ್ಕಿ ಅತ್ತಳು. "ತಾತನ ಕೈ ಆಗಿದ್ರೆ ಹೆದರಿಕೊಂಡಾದ್ರೂ ತಗೊಳ್ತಿದ್ದೆ. ನಿನ್ನದೇ ಅಂದಮೇಲೆ ಹ್ಯಾಗೆ ತಗೊಳ್ಳಲಿ ಹೇಳು?"

ಚನ್ನವೀರಪ್ಪನ ಎದೆ ಗೊರಗೊರ ಅನ್ನೋಕೆ ಶುರುವಾಯ್ತು. ಜಗಲಿಯಿಂದ ಮೈಲಾರಿ ಅಮ್ಮಾ ಅಂತ ಕಿರುಚಿದ. ಓಬಜ್ಜ ಬಾಗಿಲು ತಳ್ಳಿ, "ಹಾಕೇ ಅನಸೂಯಾ! ಹೊತ್ತು ಮೀರ್ತಿದೆ!" ಅಂತ ಕೂಗಿದ. ಅನಸೂಯ ಗೋಡೆಗೆ ಒರಗಿ ನಿಂತುಬಿಟ್ಟಳು. ಮುಂದಕ್ಕೆ ಬರೋಕಾಗಲ್ಲ, ಲೋಟ ಕೆಳಗಿಡೋಕೂ ಆಗಲ್ಲ.

ಆಗ ಹಾಲಕ್ಕ ಗಂಡನ ಪಾದ ಒತ್ತೋದು ನಿಲ್ಲಿಸಿದಳು. ನಿಧಾನವಾಗಿ ಎದ್ದಳು, ಮಂಡಿ ನೋವು ಅವಳಿಗೆ. ಮಗಳ ಹತ್ತಿರ ಹೋಗಿ, ಅವಳ ಬೆರಳು ಒಂದೊಂದಾಗಿ ಬಿಡಿಸಿ ಲೋಟ ತಗೊಂಡಳು.

"ಅವ್ವಾ, ಬೇಡ!"

"ನಿನಗೆ ಬೇಡ ಇದು" ಅಂದಳು ಹಾಲಕ್ಕ. ಗಂಡನ ತಲೆಯ ಹತ್ತಿರ ಕೂತಳು. ನಲವತ್ತು ವರ್ಷ ಅವನನ್ನು ನೀವು ತಾವು ಅಂತಿದ್ದ ಹೆಂಗಸು, ಅವತ್ತು ಬಗ್ಗಿ ಕೇಳಿದಳು. "ನಿಂದೇ ಏನಯ್ಯಾ ಆ ಕೈ?"

ಅವನು ಹೂಂ ಅಂತ ಕಣ್ಣು ಮಿಟುಕಿಸಿದ.

"ಸರಿ. ಆ ಕೈ ಮಾಡಿದ್ದೆಲ್ಲ ನನ್ನ ಮೈಮೇಲಿದೆ. ಅದರ ಒಂದೊಂದು ಬೆರಳೂ ನನಗೆ ಗೊತ್ತು. ಬಾಯಿ ತೆಗಿ."

ಬಾಗಿಲಲ್ಲಿ ಓಬಜ್ಜ ಹೌಹಾರಿದ. "ಹಾಲಮ್ಮಾ! ಹೆಂಡತಿ ಹಾಕಬಾರದು! ಗಂಡನ ಕೈ ಬಂದ್ರೆ ಕೈಯಲ್ಲಿ ಬಳೆ ನಿಲ್ಲಲ್ಲ!"

"ಬಳೆನ ಹೇಗಿದ್ರೂ ಸಾಯಂಕಾಲ ನೀವೇ ಒಡೀತೀರಲ್ಲ ಓಬಜ್ಜ" ಅಂದಳು, ಅವನ ಕಡೆ ತಿರುಗದೇ. ಲೋಟ ಬಗ್ಗಿಸಿದಳು. ಒಂದು ಗುಟುಕು, ಎರಡು ಗುಟುಕು. ಎಷ್ಟು ದಾಹ ಇತ್ತೋ ಪಾಪ, ಸತ್ತುಹೋಗ್ತಿರೋ ಮನುಷ್ಯ ಗಟಗಟ ಕುಡಿದ. ಮೂರನೆಯ ಗುಟುಕು ಇಳಿಯಿತು. ನಾಲ್ಕನೆಯದು ಕಟವಾಯಲ್ಲಿ ಹೊರಗೆ ಬಂತು. ನನ್ನ ಕೈಯಲ್ಲಿದ್ದ ತಲೆ ಭಾರವಾಯ್ತು.

ಯಾರೂ ಅಳೋಕೆ ಮೊದಲೇ ಹಾಲಕ್ಕ ತನ್ನ ಬಲಗೈಯನ್ನು ಮುಖದ ಮುಂದೆ ಹಿಡಿದು ನೋಡಿಕೊಂಡಳು. ಬೆರಳು ಮಡಚಿದಳು, ಬಿಡಿಸಿದಳು. ಎದ್ದು ಜಗಲಿಗೆ ಹೋದಳು. ಮೈಲಾರಿಯ ಕಾಲ ಹತ್ತಿರ ಕೂತು, ಕಣ್ಣು ಮುಚ್ಚಿ ಸವರಿ, ಒಂದು ಸಲ ಎಳೆದಳು. ಲಟಕ್ ಅಂತು. ಅವನ ಪಾದ ಮುಂದಕ್ಕೆ ಬಂತು. ಆಮೇಲೆ ಒಳಗೆ ಬಂದು ಗಂಡನ ಪಕ್ಕ ಕೂತು ಅತ್ತಳು. ನಾವೂ ಅತ್ವಿ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಹೇಳೋಕೆ ಕೂರ್ತಿರಲಿಲ್ಲ. ಕೈ ಬಂದಮೇಲೆ ಚಾಳಿಯೂ ಬಂದಿರಬೇಕಲ್ಲ? ಅವ್ವನೊಬ್ಬಳನ್ನೇ ಬಿಡಬಾರದು ಅಂತ ಅನಸೂಯ ದಿನಾ ಬರ್ತಿದ್ದಳು, ರತ್ನಿಯನ್ನೂ ಕರ್ಕೊಂಡು ಬರ್ತಿದ್ದಳು. ಬರೋದೇನೋ ಬರೋಳು, ಆದರೆ ಅಜ್ಜಿಗೂ ಮೊಮ್ಮಗಳಿಗೂ ಮಧ್ಯೆ ತಾನೇ ಕೂರೋಳು. ಅಜ್ಜಿ ಬಲಗಡೆ ತಿರುಗಿದರೆ ಮಗುವನ್ನು ಎಡಗಡೆಗೆ ಎಳೆದುಕೊಳ್ಳೋಳು. ಹಾಲಕ್ಕನಿಗೂ ಅದು ಗೊತ್ತಿತ್ತು. ಮಗು ಮನೆಯಲ್ಲಿದ್ದಷ್ಟು ಹೊತ್ತು ಬಲಗೈಯನ್ನು ಸೆರಗಿನೊಳಗೆ ಸುತ್ತಿಟ್ಟುಕೊಂಡು ಎಡಗೈಯಲ್ಲೇ ಕೆಲಸ ಮಾಡೋಳು. ಮೂಳೆ ಮುರಿದವರು ಬಂದರೆ ಮಾತ್ರ ಅದನ್ನು ಹೊರಗೆ ತೆಗೀತಿದ್ದಳು. ಐದು ತಿಂಗಳು ಹೀಗೇ ನಡೀತು. ನೋಡಿ ನೋಡಿ ನನಗೇ ಕುತ್ತಿಗೆ ಹಿಡಿದುಕೊಂಡಿತ್ತು.

ಒಂದು ದಿನ ಬೆಳಿಗ್ಗೆ ಅನಸೂಯ ಅಂಗಳದಲ್ಲಿ ಖಾರ ಕುಟ್ಟುತ್ತಿದ್ದಳು. ನಾನು ಒಲೆ ಹತ್ತಿರ ಕೂತು ಹಾಲಕ್ಕನ ಜೊತೆ ಹರಟೆ ಹೊಡೀತಿದ್ದೆ. ಹಾಲಕ್ಕ ಇಪ್ಪತ್ತು ದಿನದಿಂದ ಬೇರು ನಾರು ಹಾಕಿ ಕಾಯಿಸಿ ಇಳಿಸಿದ ಎಣ್ಣೆಯ ಗಡಿಗೆ ಪಕ್ಕದಲ್ಲಿತ್ತು. ಊರಿಗೆಲ್ಲ ವರ್ಷಕ್ಕಾಗುವಷ್ಟು, ಮೂಳೆಗೆ ಹಚ್ಚೋ ಎಣ್ಣೆ. ರತ್ನಿ ಬೆಕ್ಕಿನ ಹಿಂದೆ ಓಡಿಬಂದವಳು ಗಡಿಗೆಗೆ ಕಾಲು ಕೊಟ್ಟಳು. ಗಡಿಗೆ ಉರುಳಿ ಒಡೆಯಿತು, ಎಣ್ಣೆ ನೆಲದ ತುಂಬ ಹರಿಯಿತು.

ಹಾಲಕ್ಕನ ಬಲಗೈ ಸೆರಗಿನಿಂದ ಹೊರಗೆ ಬಂದು ಮೇಲಕ್ಕೆ ಹೋಯಿತು. ಥೇಟ್ ಚನ್ನವೀರಪ್ಪನ ಕೈ ಹೋಗುತ್ತಿದ್ದ ಹಾಗೆ, ಹೆಬ್ಬೆರಳು ಒಳಗೆ ಮಡಚಿಕೊಂಡು. ಅಂಗಳದಲ್ಲಿ ಅನಸೂಯ ಒನಕೆ ಕೈಬಿಟ್ಟು ಓಡಿ ಬರ್ತಿದ್ದಳು, ಅಷ್ಟರೊಳಗೆ ತಲುಪೋಕೆ ಆಗ್ತಿರಲಿಲ್ಲ. ರತ್ನಿ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡಳು.

ಹಾಲಕ್ಕ ಮಗುವನ್ನು ನೋಡಲಿಲ್ಲ. ಮೇಲೆ ನಿಂತಿದ್ದ ತನ್ನ ಕೈಯನ್ನು ತಲೆ ಎತ್ತಿ ನೋಡಿದಳು. "ಇಳಿ" ಅಂದಳು.

ಕೈ ಅಲ್ಲೇ ನಡುಗಿತು.

"ನಿನಗೇ ಹೇಳಿದ್ದು. ಇಳಿ ಕೆಳಗೆ."

ಕೈ ಇಳಿಯಿತು. ಇಳಿದು ಬಂದು ನೆಲ ಒರೆಸೋ ಬಟ್ಟೆ ಎತ್ತಿಕೊಂಡಿತು. "ಹೋಗು ಮರಿ, ಆ ಕಡೆಯಿಂದ ಒಂದು ಬಟ್ಟೆ ತಗೊಂಬಾ, ಇಬ್ಬರೂ ಸೇರಿ ಒರೆಸೋಣ" ಅಂದಳು ಹಾಲಕ್ಕ.

ಅನಸೂಯ ಹೊಸಲಲ್ಲೇ ಕೂತಳು. ಮೈಯೆಲ್ಲ ಖಾರದ ಪುಡಿ. ಅವ್ವನ ಕೈಯನ್ನೇ ನೋಡಿದಳು. "ಇಷ್ಟೇನಾ ಅವ್ವಾ?" ಅಂದಳು. "ಒಂದು ಮಾತು? ಅಷ್ಟೇನಾ ಬೇಕಾಗಿದ್ದಿದ್ದು?"

"ಅಷ್ಟೇ ಕಣೇ" ಅಂದಳು ಹಾಲಕ್ಕ. ನೆಲ ಒರೆಸುತ್ತಲೇ ಇದ್ದಳು. "ನಿಮ್ಮಪ್ಪ ಒಂದ್ಸಲನೂ ಅನ್ನಲಿಲ್ಲ. ನಾವೂ ಯಾರೂ ಅನ್ನು ಅಂತ ಹೇಳಲಿಲ್ಲ."

ಅನಸೂಯ ಗಟ್ಟಿಯಾಗಿ ಅಳೋಕೆ ಶುರು ಮಾಡಿದಳು. ನನಗೂ ಅಲ್ಲಿ ಕೂರೋಕಾಗಲಿಲ್ಲ, ಎದ್ದೆ. ಎದ್ದಾಗ ಸೊಂಟದಲ್ಲಿ ಏನೋ ತಣ್ಣಗೆ ತಾಗಿತು. ಹಾಲಕ್ಕನ ಮನೆಯ ಹಿತ್ತಾಳೆ ಚಮಚ. ಯಾವಾಗ ಸಿಕ್ಕಿಸಿಕೊಂಡಿದ್ದೆನೋ ದೇವರಾಣೆಗೂ ಗೊತ್ತಿಲ್ಲ. ತೆಗೆದು ಒಲೆಯ ಪಕ್ಕ ಇಟ್ಟು ಮನೆಗೆ ಬಂದೆ.